ನೋಡುವವರು ಕಟ್ಟಿದ ಸಿನಿಮಾ

ಸಿನಿಮಾ ಹುಟ್ಟಿದ ದಿನ ಯಾವುದೆಂದು ಕೇಳಿದರೆ ಚರಿತ್ರೆಯ ಪುಸ್ತಕಗಳು 1895ರ ಡಿಸೆಂಬರ್ 28ನ್ನು ಹೆಸರಿಸುತ್ತವೆ. ಅಂದು ಪ್ಯಾರಿಸ್ ನಗರದ ಗ್ರಾಂ ಕಫೆಯ ನೆಲಮಾಳಿಗೆಯಲ್ಲಿ, ತಲೆಗೆ ಒಂದು ಫ್ರಾಂಕ್ ಕೊಟ್ಟು ಬಂದು ಕೂತ ಸುಮಾರು 33 ಜನರ ಮುಂದೆ ಲುಮಿಯೇರ್ ಸೋದರರ ಹತ್ತು ಪುಟ್ಟ ಚಿತ್ರಗಳು ಪ್ರದರ್ಶನಗೊಂಡವು. ಒಂದೊಂದೂ ಒಂದು ನಿಮಿಷಕ್ಕಿಂತ ಚಿಕ್ಕದು. ಆದರೆ ಚಲಿಸುವ ಚಿತ್ರವೆಂಬುದು ಅದಕ್ಕೂ ಮೊದಲೇ ಇತ್ತು. ಅಮೆರಿಕದಲ್ಲಿ ಎಡಿಸನ್ ಅವರ ಕಾರ್ಯಾಗಾರದಲ್ಲಿ ತಯಾರಾದ ಕೈನೆಟೋಸ್ಕೋಪ್ ಎಂಬ ಪೆಟ್ಟಿಗೆ 1894ರಲ್ಲಿಯೇ ಪ್ಯಾರಿಸ್ಸಿಗೆ ಬಂದಿತ್ತು. ಅದರ ಕಿಂಡಿಗೆ ಕಣ್ಣು ತಗುಲಿಸಿ ನಿಂತವರಿಗೆ ಒಳಗೆ ಸುತ್ತುವ ಫಿಲ್ಮಿನಲ್ಲಿ ಕುಣಿಯುವವರು, ಕಸರತ್ತು ಮಾಡುವವರು ಕಾಣಿಸುತ್ತಿದ್ದರು. ಲುಮಿಯೇರ್ ಸೋದರರ ತಂದೆ ಅಂತ್ವಾನ್ ಆ ಪೆಟ್ಟಿಗೆಯನ್ನು ನೋಡಿದ ಮೇಲೆಯೇ ಲಿಯಾನ್‌ನಲ್ಲಿದ್ದ ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿದ್ದು. ಹೀಗಿರುವಾಗ ಆ ಡಿಸೆಂಬರಿನಲ್ಲಿ ಹೊಸದಾಗಿ ಹುಟ್ಟಿದ್ದು ಯಾವುದು ಎಂದು ಯೋಚಿಸಿದರೆ ನನಗೆ ಕಾಣುವ ಉತ್ತರ ಸಿನಿಮಾದ ಪ್ರೇಕ್ಷಕರು ಎಂಬುದೇ. ಎಡಿಸನ್ ಪೆಟ್ಟಿಗೆಯ ಮುಂದೆ ಒಬ್ಬೊಬ್ಬರೇ ಬಗ್ಗಿ ನಿಲ್ಲಬೇಕಾಗಿತ್ತು. ಗ್ರಾಂ ಕಫೆಯಲ್ಲಿ ಗುರುತು ಪರಿಚಯವಿಲ್ಲದವರು ಒಂದೇ ಕತ್ತಲೆಯಲ್ಲಿ ಕೂತು ಒಂದೇ ತೆರೆಯನ್ನು ನೋಡಿದರು.

ಫ್ರೆಂಚ್ ಸಿನಿಮಾದ ಚರಿತ್ರೆಯನ್ನು ದೊಡ್ಡ ನಿರ್ದೇಶಕರ ಹೆಸರುಗಳನ್ನು ಒಂದರ ಹಿಂದೊಂದು ಪೋಣಿಸುತ್ತ ಹೇಳುವುದು ರೂಢಿ. ಆ ರೂಢಿಯಲ್ಲಿ ತಪ್ಪಿಲ್ಲ. ಆದರೆ ಈ ಚಿತ್ರಗಳನ್ನು ಇಷ್ಟು ವರ್ಷ ನೋಡುತ್ತ, ಅವುಗಳ ಬಗ್ಗೆ ಓದುತ್ತ ಬಂದ ನನಗೆ ಅದರ ಅಡಿಯಲ್ಲಿ ಇನ್ನೊಂದು ಚರಿತ್ರೆ ಹೆಚ್ಚು ಹೆಚ್ಚಾಗಿ ಕಾಣತೊಡಗಿದೆ. ಅದು ನೋಡುವವರ ಚರಿತ್ರೆ. ಆ ದೇಶದಲ್ಲಿ ಚಿತ್ರಗಳನ್ನು ಹುಡುಕಿ ನೋಡುವುದು, ಕೂಡಿಸಿಟ್ಟು ಕಾಪಾಡುವುದು, ಅವುಗಳ ಮೇಲೆ ಬರೆಯುವುದು, ವಾದಕ್ಕಿಳಿಯುವುದು, ಅವುಗಳಿಗಾಗಿ ಕಾನೂನು ಮಾಡಿಸುವುದು ಎಲ್ಲವೂ ಚಿತ್ರ ನಿರ್ಮಾಣದ ಅಂಗವೇ ಆಗಿ ಬೆಳೆದವು. ಫ್ರೆಂಚ್ ಸಿನಿಮಾದ ಪ್ರಭಾವ ಕೊಲ್ಕತ್ತ, ಪುಣೆ, ಕೊನೆಗೆ ಮಲೆನಾಡಿನ ಒಂದು ಹಳ್ಳಿಯವರೆಗೂ ತಲುಪಿದ್ದು ಬಹುಮಟ್ಟಿಗೆ ಈ ದಾರಿಯಿಂದ ಎಂಬುದು ನನ್ನ ತಿಳಿವಳಿಕೆ.

ಲುಮಿಯೇರರ ಯಂತ್ರವೇ ಈ ದಾರಿಗೆ ಅನುಕೂಲವಾಗಿತ್ತು. ಚಿತ್ರ ತೆಗೆಯುವುದು, ಪ್ರತಿ ಮಾಡುವುದು, ತೆರೆಯ ಮೇಲೆ ತೋರಿಸುವುದು ಮೂರನ್ನೂ ಒಂದೇ ಪೆಟ್ಟಿಗೆ ಮಾಡುತ್ತಿತ್ತು. ಅದರ ತೂಕ ಸುಮಾರು 5 ಕಿಲೊ, ಓಡಿಸುವುದಕ್ಕೆ ಕೈಹಿಡಿಕೆ ಸಾಕು. ಅದನ್ನು ಹೊತ್ತ ಒಬ್ಬ ಮನುಷ್ಯ ಯಾವ ಬಂದರಿನಲ್ಲಿ ಇಳಿದರೂ ಅಲ್ಲಿ ಪ್ರದರ್ಶನ ಏರ್ಪಡಿಸಬಹುದಾಗಿತ್ತು. ಪ್ಯಾರಿಸ್ಸಿನ ಪ್ರದರ್ಶನವಾಗಿ ಏಳು ತಿಂಗಳು ತುಂಬುವ ಮೊದಲೇ, 1896ರ ಜುಲೈ 7ರಂದು, ಮಾರಿಯಸ್ ಸೆಸ್ತಿಯೆ ಎಂಬ ಲುಮಿಯೇರ್ ಪ್ರತಿನಿಧಿ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲುಮಿಯೇರರ ಚಿತ್ರಗಳನ್ನು ತೋರಿಸಿದರು. ಟಿಕೆಟ್ಟಿನ ಬೆಲೆ ಒಂದು ರೂಪಾಯಿ. ಕೆಲವೇ ದಿನಗಳಲ್ಲಿ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಬಂದಾಗ ನಾಲ್ಕಾಣೆಯ ಸೀಟುಗಳೂ ದೊರೆತವು. ಬ್ರಿಟಿಷ್ ಆಳ್ವಿಕೆಯ ಊರಿನಲ್ಲಿ ಯುರೋಪಿಯನ್ನರ ಹೋಟೆಲಿನಿಂದ ನಾಲ್ಕಾಣೆಯ ಸೀಟಿನವರೆಗೆ ಆದ ಈ ಪಯಣ ಭಾರತೀಯ ಸಿನಿಮಾದ ಮೊದಲ ಹೆಜ್ಜೆಯೆಂದೇ ನಾನು ಎಣಿಸುತ್ತೇನೆ.

ಗ್ರಾಂ ಕಫೆಯ ಪ್ರದರ್ಶನವನ್ನು ನೋಡಿದವರಲ್ಲಿ ಜಾದೂ ರಂಗಮಂದಿರವೊಂದನ್ನು ನಡೆಸುತ್ತಿದ್ದ ಜಾರ್ಜ್ ಮೆಲಿಯೆಸ್ ಒಬ್ಬರು. ಅವರು ಆ ಯಂತ್ರವನ್ನು ಕೊಳ್ಳಲು ಮುಂದಾದಾಗ ಅಂತ್ವಾನ್ ಲುಮಿಯೇರ್ ಒಪ್ಪಲಿಲ್ಲ. ಮೆಲಿಯೆಸ್ ಬೇರೆ ಯಂತ್ರ ಸಂಪಾದಿಸಿ, ಪ್ಯಾರಿಸ್ಸಿನ ಪಕ್ಕದ ಮೊಂತ್ರೆಯ್‌ನಲ್ಲಿ 1897ರಲ್ಲಿ ಗಾಜಿನ ಗೋಡೆ, ಗಾಜಿನ ಛಾವಣಿಯ ಸ್ಟುಡಿಯೊ ಕಟ್ಟಿಸಿ, ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದರು. ಚಂದ್ರಲೋಕದ ಯಾತ್ರೆಯನ್ನು ಕುರಿತ 1902ರ ಚಿತ್ರ ಲೋಕವನ್ನೆಲ್ಲ ಸುತ್ತಿತು. ಅದೇ 1895ರಲ್ಲಿ ಲುಮಿಯೇರರ ಖಾಸಗಿ ಪ್ರದರ್ಶನವೊಂದನ್ನು ನೋಡಿದ್ದ ಇನ್ನೊಬ್ಬರು ಗೋಮೊಂ ಕಂಪನಿಯಲ್ಲಿ ಕಾರ್ಯದರ್ಶಿಯಾಗಿದ್ದ ಅಲಿಸ್ ಗಿ. ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದನ್ನು ತೋರಿಸಿದರಷ್ಟೇ ಸಾಲದು, ಕಥೆ ಹೇಳಬಹುದಲ್ಲ ಎಂದು ಅವರಿಗೆ ಅನ್ನಿಸಿತು. ಕಚೇರಿಯ ಕೆಲಸಕ್ಕೆ ತೊಂದರೆಯಾಗಬಾರದೆಂಬ ಷರತ್ತಿನ ಮೇಲೆ ಯಜಮಾನರಿಂದ ಅನುಮತಿ ಪಡೆದು ಕಥಾಚಿತ್ರ ತೆಗೆಯಲು ತೊಡಗಿದ ಅವರು ಮುಂದೆ ಆ ಕಂಪನಿಯ ಚಿತ್ರನಿರ್ಮಾಣಕ್ಕೆಲ್ಲ ಮುಖ್ಯಸ್ಥೆಯಾದರು, 1910ರಲ್ಲಿ ಅಮೆರಿಕದಲ್ಲಿ ಸ್ವಂತ ಸ್ಟುಡಿಯೊ ತೆರೆದರು. ಬಹುಕಾಲ ಚರಿತ್ರೆಕಾರರು ಅವರ ಚಿತ್ರಗಳನ್ನು ಬೇರೆಯವರ ಹೆಸರಿಗೆ ಬರೆದಿಟ್ಟರು ಎಂಬುದು ಇಂದಿಗೂ ನೋವು ಕೊಡುವ ಸಂಗತಿ.

1914ರ ಮಹಾಯುದ್ಧದ ತನಕ ಜಗತ್ತಿನ ಚಿತ್ರಮಾರುಕಟ್ಟೆ ಬಹುಮಟ್ಟಿಗೆ ಫ್ರಾನ್ಸಿನ ಪಾಥೆ, ಗೋಮೊಂ ಕಂಪನಿಗಳ ಕೈಯಲ್ಲಿತ್ತು. ಯುದ್ಧ ಅದನ್ನು ಮುರಿಯಿತು, ಆ ಜಾಗವನ್ನು ಹಾಲಿವುಡ್ ತುಂಬಿತು. ಸಿನಿಮಾಕ್ಕೆ ಉಂಟಾದ ಇನ್ನೊಂದು ಬಗೆಯ ನಷ್ಟ ಇದಕ್ಕಿಂತ ಆಳವಾದದ್ದು. ಮೆಲಿಯೆಸ್ ಅವರ ನೂರಾರು ಪ್ರತಿಗಳನ್ನು ಯುದ್ಧಕಾಲದಲ್ಲಿ ಕರಗಿಸಿ ಸೈನಿಕರ ಬೂಟಿನ ಹಿಮ್ಮಡಿಗೆ ಬಳಸಿಕೊಂಡರು. ಸಾಲದಲ್ಲಿ ಮುಳುಗಿದ್ದ ಮೆಲಿಯೆಸ್ 1923ರಲ್ಲಿ ಉಳಿದ ನೆಗೆಟಿವ್‌ಗಳನ್ನು ತಾವೇ ಸುಟ್ಟುಹಾಕಿದರು. ಮುಂದೆ ಮೊಂಪಾರ್ನಾಸ್ ರೈಲು ನಿಲ್ದಾಣದ ಅಂಗಡಿಯಲ್ಲಿ ಆಟಿಕೆ ಮಾರುತ್ತ ಕೂತರು. 1920ರ ದಶಕದ ಕೊನೆಗೆ ಮಾತಿನ ಚಿತ್ರಗಳು ಬಂದಾಗ ಮೂಕಿಚಿತ್ರಗಳೆಲ್ಲ ಒಮ್ಮೆಲೇ ನಿರುಪಯುಕ್ತವೆನಿಸಿ, ಫಿಲ್ಮಿನಲ್ಲಿದ್ದ ಬೆಳ್ಳಿಗಾಗಿ ಅವನ್ನು ಕರಗಿಸುವುದು ಲಾಭದ ವ್ಯಾಪಾರವೇ ಆಯಿತು. ಮೂವತ್ತೈದು ವರ್ಷದ ಒಂದು ಕಲೆ ತನ್ನ ಬಾಲ್ಯವನ್ನು ತಾನೇ ಅಳಿಸಿಹಾಕುತ್ತಿತ್ತು.

ಅದಕ್ಕೆ ಅಡ್ಡ ನಿಂತವರು ನೋಡುವವರು. ಇಟಲಿಯಿಂದ ಬಂದು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ರಿಚ್ಚೊತ್ತೊ ಕನೂದೊ ಸಿನಿಮಾವನ್ನು ಏಳನೆಯ ಕಲೆಯೆಂದು ಸಾರಿದ್ದರು. ಲೂಯಿ ದೆಲ್ಲುಕ್ ಮೊದಲಾದವರು 1920ರ ದಶಕದಲ್ಲಿ ಚಿತ್ರಗಳನ್ನು ಒಟ್ಟಿಗೆ ನೋಡಿ ಚರ್ಚಿಸುವ ಸಿನಿಕ್ಲಬ್ಬುಗಳ ಪರಿಪಾಠ ಹಾಕಿದ್ದರು. ಈ ಗಾಳಿಯಲ್ಲಿ ಬೆಳೆದ ಹೆನ್ರಿ ಲಾಂಗ್ಲ್ವಾ ಎಂಬ ತರುಣ 1935ರಲ್ಲಿ ಗೆಳೆಯ ಜಾರ್ಜ್ ಫ್ರಾಂಜು ಜತೆ ಮೂಕಿಚಿತ್ರಗಳನ್ನು ತೋರಿಸುವ ಸಂಘ ಕಟ್ಟಿದರು. ತೋರಿಸಬೇಕೆಂದರೆ ಪ್ರತಿಗಳು ಬೇಕು, ಪ್ರತಿಗಳನ್ನು ಗುಜರಿಯವರ ಕೈಯಿಂದ ಬಿಡಿಸಿಕೊಳ್ಳಬೇಕು. ಹೀಗೆ 1936ರಲ್ಲಿ ಸಿನೆಮಾತೆಕ್ ಫ್ರಾನ್ಸೇಸ್ ಎಂಬ ಚಿತ್ರಭಂಡಾರ ಹುಟ್ಟಿತು. ಲಾಂಗ್ಲ್ವಾಗೆ ಆಗ 21 ವರ್ಷ. ಮೊದಮೊದಲು ರೀಲುಗಳನ್ನು ಅವರು ಮನೆಯ ಸ್ನಾನದ ತೊಟ್ಟಿಯಲ್ಲಿ ತುಂಬಿಡುತ್ತಿದ್ದರೆಂದು ಹೇಳುತ್ತಾರೆ. ಆಟಿಕೆ ಅಂಗಡಿ ಬಿಟ್ಟು ಓರ್ಲಿ ಎಂಬಲ್ಲಿನ ವೃದ್ಧಾಶ್ರಮ ಸೇರಿದ್ದ ಮೆಲಿಯೆಸ್ ಅವರನ್ನು ಈ ಹುಡುಗರು ಹುಡುಕಿಕೊಂಡು ಹೋದರು. ಅದೇ ಆವರಣದ ಹಾಳುಬಿದ್ದ ಕಟ್ಟಡವೊಂದನ್ನು ಬಾಡಿಗೆಗೆ ಹಿಡಿದು, ರೀಲುಗಳನ್ನು ಅಲ್ಲಿಟ್ಟು, ಬೀಗದ ಕೈಯನ್ನು ಮೆಲಿಯೆಸ್ ಅವರಿಗೇ ಒಪ್ಪಿಸಿದರು. ತನ್ನ ಚಿತ್ರಗಳನ್ನು ತಾನೇ ಸುಟ್ಟುಕೊಂಡಿದ್ದ ಮನುಷ್ಯ ಫ್ರಾನ್ಸಿನ ಚಿತ್ರಭಂಡಾರದ ಮೊದಲ ಕಾವಲುಗಾರನಾದದ್ದು ಹೀಗೆ. ಸಿನಿಮಾದ ಚರಿತ್ರೆಯಲ್ಲಿ ಇದಕ್ಕಿಂತ ಮನಕಲಕುವ ಘಟನೆ ನನಗೆ ಗೊತ್ತಿಲ್ಲ.

ಜರ್ಮನ್ ಸೇನೆ ಪ್ಯಾರಿಸ್ಸನ್ನು ಹಿಡಿದ ವರ್ಷಗಳಲ್ಲಿ ಲಾಂಗ್ಲ್ವಾ ಮತ್ತು ಸಂಗಡಿಗರು ರೀಲುಗಳನ್ನು ಊರೂರಿನಲ್ಲಿ ಬಚ್ಚಿಟ್ಟರು, ನಿಷೇಧಿತ ಚಿತ್ರಗಳನ್ನು ಗುಟ್ಟಾಗಿ ತೋರಿಸಿದರು. ನಾಜಿಗಳಿಂದ ತಪ್ಪಿಸಿಕೊಂಡು ಜರ್ಮನಿಯಿಂದ ಬಂದಿದ್ದ ವಿಮರ್ಶಕಿ ಲೊತ್ತೆ ಐಸ್ನರ್ ಈ ಕೆಲಸದಲ್ಲಿ ಬಲಗೈಯಾಗಿದ್ದರು. ಯುದ್ಧ ಮುಗಿದ ಮೇಲೆ 1948ರಲ್ಲಿ ಮೆಸ್ಸೀನ್ ಬೀದಿಯಲ್ಲಿ ಸುಮಾರು 60 ಸೀಟುಗಳ ಪುಟ್ಟ ಪ್ರದರ್ಶನ ಮಂದಿರ ತೆರೆಯಿತು. ಲಾಂಗ್ಲ್ವಾ ಕಾರ್ಯಕ್ರಮ ಹೊಂದಿಸುವ ರೀತಿಯೇ ಒಂದು ಪಾಠವಾಗಿತ್ತು. ಒಂದೇ ಸಂಜೆ ಅವರು ಅಮೆರಿಕದ ಹಾಸ್ಯಚಿತ್ರ, ಸೋವಿಯತ್ ಮೂಕಿಚಿತ್ರ, ಜಪಾನಿನ ಸಂಸಾರದ ಕಥೆ ಮೂರನ್ನೂ ಅಕ್ಕಪಕ್ಕ ಇಟ್ಟು, ಅವು ಒಂದರೊಡನೊಂದು ಮಾತಾಡಿಕೊಳ್ಳುವಂತೆ ಮಾಡುತ್ತಿದ್ದರು. ಎಷ್ಟೋ ವಿದೇಶಿ ಪ್ರತಿಗಳಿಗೆ ಸಬ್‌ಟೈಟಲ್ಲುಗಳೇ ಇರುತ್ತಿರಲಿಲ್ಲ. ಮಾತು ತಿಳಿಯದ ಆ ಪ್ರೇಕ್ಷಕರು ಕ್ಯಾಮೆರಾ ಎಲ್ಲಿ ನಿಂತಿದೆ, ಪಾತ್ರ ಚೌಕಟ್ಟಿನೊಳಗೆ ಯಾವ ಕಡೆಯಿಂದ ಬಂತು, ದೃಶ್ಯ ಎಲ್ಲಿ ಕತ್ತರಿಸಿತು, ಬೆಳಕು ಯಾರ ಮುಖದ ಮೇಲೆ ಬಿತ್ತು ಎಂಬುದನ್ನೇ ಓದಬೇಕಾಯಿತು. ಕೊರತೆಯಿಂದ ಹುಟ್ಟಿದ ಈ ಓದು ಒಂದು ಪೀಳಿಗೆಯ ಕಣ್ಣನ್ನೇ ತಿದ್ದಿತು. ಮುಂದಿನ ಸಾಲುಗಳಲ್ಲಿ ದಿನವೂ ಕೂರುತ್ತಿದ್ದ ಹುಡುಗರಲ್ಲಿ ಫ್ರಾನ್ಸ್ವಾ ತ್ರುಫೊ, ಝಾನ್-ಲುಕ್ ಗೊದಾರ್, ಜಾಕ್ ರಿವೆತ್, ಎರಿಕ್ ರೋಮೆರ್, ಕ್ಲೋದ್ ಶಾಬ್ರೋಲ್ ಇದ್ದರು. ಚಿತ್ರನಿರ್ಮಾಣವನ್ನು ಅವರು ಕಲಿತದ್ದು ಮುಖ್ಯವಾಗಿ ಈ ಕತ್ತಲೆಯಲ್ಲೇ.

ಲಾಂಗ್ಲ್ವಾ ದೋಷರಹಿತರೆಂದು ನಾನು ಹೇಳಲಾರೆ. ಅವರ ಸಂಗ್ರಹಕ್ಕೆ ಸರಿಯಾದ ಪಟ್ಟಿ ಇರಲಿಲ್ಲ, ಲೆಕ್ಕಪತ್ರ ಇರಲಿಲ್ಲ. ಬೇಗ ಬೆಂಕಿ ಹತ್ತುವ ನೈಟ್ರೇಟ್ ಫಿಲ್ಮುಗಳನ್ನು ಇಡಬಾರದ ಜಾಗಗಳಲ್ಲಿ ಇಟ್ಟದ್ದರಿಂದ 1959ರಲ್ಲಿ ಅನೇಕ ರೀಲುಗಳು ಸುಟ್ಟುಹೋದವು. ಬ್ರಿಟನ್ನಿನ ಚಿತ್ರಭಂಡಾರವನ್ನು ನಡೆಸುತ್ತಿದ್ದ ಅರ್ನೆಸ್ಟ್ ಲಿಂಡ್‌ಗ್ರೆನ್ ಮೊದಲು ಕಾಪಾಡಬೇಕು, ತೋರಿಸುವುದು ಆಮೇಲೆ ಎನ್ನುವ ಶಿಸ್ತಿನವರು. ಪ್ರೊಜೆಕ್ಟರಿನಲ್ಲಿ ಓಡಿದಷ್ಟೂ ಪ್ರತಿ ಸವೆಯುತ್ತದೆಂಬ ಅವರ ಮಾತು ಸರಿಯಾದದ್ದೇ. ಲಾಂಗ್ಲ್ವಾಗೆ ಮಾತ್ರ ತೋರಿಸದ ಚಿತ್ರ ಸತ್ತದ್ದಕ್ಕೆ ಸಮ. ಈ ಇಬ್ಬರಲ್ಲಿ ಒಬ್ಬರನ್ನೇ ಆರಿಸಿಕೊಳ್ಳಬೇಕಾದ ಅಗತ್ಯ ಇಂದಿನ ಚಿತ್ರಭಂಡಾರಗಳಿಗೆ ಇಲ್ಲ. ಆದರೂ ಲಿಂಡ್‌ಗ್ರೆನ್ ಮಾತ್ರ ಇದ್ದು ಲಾಂಗ್ಲ್ವಾ ಇಲ್ಲದಿದ್ದರೆ, ಮುಂದಿನ ಸಾಲಿನ ಆ ಹುಡುಗರು ಮುಂದೆ ಮಾಡಿದ ಹೊಸ ಬಗೆಯ ಚಿತ್ರಗಳ ಚಳವಳಿ, ಅಂದರೆ ಫ್ರಾನ್ಸಿನ ಹೊಸ ಅಲೆ, ಹುಟ್ಟುತ್ತಿರಲಿಲ್ಲವೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ನೋಡುವವರು ಒಂದು ಚಿತ್ರವನ್ನು ಮತ್ತೆ ಕಟ್ಟಿದ್ದಕ್ಕೆ ಝಾನ್ ರೆನ್ವಾರ್ ಅವರ ‘ದಿ ರೂಲ್ಸ್ ಆಫ್ ದಿ ಗೇಮ್’ ಸಾಕ್ಷಿ. ಹಳ್ಳಿಯ ಬಂಗಲೆಯೊಂದರಲ್ಲಿ ಬೇಟೆಗೆಂದು ಸೇರಿದ ಸಿರಿವಂತರು ಮತ್ತು ಅವರ ಆಳುಗಳ ಕಥೆಯ ಮೂಲಕ ಯುದ್ಧದ ಹೊಸ್ತಿಲಲ್ಲಿದ್ದ ಸಮಾಜದ ಟೊಳ್ಳನ್ನು ತೋರಿಸಿದ ಈ ಚಿತ್ರ 1939ರ ಜುಲೈನಲ್ಲಿ ಬಿಡುಗಡೆಯಾದಾಗ ಪ್ಯಾರಿಸ್ಸಿನ ಜನ ಕೂಗಾಡಿದರು. ರೆನ್ವಾರ್ ಅದನ್ನು ಮತ್ತೆ ಮತ್ತೆ ಕತ್ತರಿಸಿದರು. ಕೆಲವೇ ತಿಂಗಳಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಮೂಲ ನೆಗೆಟಿವ್ ನಾಶವಾಯಿತು. ಯುದ್ಧದ ನಂತರ ಸಿನಿಕ್ಲಬ್ಬುಗಳಲ್ಲಿ ಓಡುತ್ತಿದ್ದ ಹರಕು ಪ್ರತಿಗಳನ್ನು ನೋಡಿ ಅದನ್ನು ಪ್ರೀತಿಸಿದ ಝಾನ್ ಗಾಬೊರಿ, ಜಾಕ್ ಮಾರೆಶಾಲ್ ಎಂಬ ಇಬ್ಬರು ಅಲ್ಲಲ್ಲಿ ಉಳಿದಿದ್ದ ಡಬ್ಬಿಗಳನ್ನು ಹುಡುಕಿ, ತುಣುಕು ತುಣುಕನ್ನು ಜೋಡಿಸಿ, ರೆನ್ವಾರ್ ಅವರ ಒಪ್ಪಿಗೆಯೊಂದಿಗೆ 106 ನಿಮಿಷಗಳ ಪ್ರತಿಯನ್ನು ಸಿದ್ಧಪಡಿಸಿದರು. 1959ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಇಂದು ಜಗತ್ತಿನ ಅತ್ಯುತ್ತಮ ಚಿತ್ರಗಳ ಪಟ್ಟಿಗಳಲ್ಲಿ ತಪ್ಪದೆ ಕಾಣುವ ಆ ಚಿತ್ರ ನಮಗೆ ಸಿಕ್ಕಿದ್ದು ಆ ಇಬ್ಬರ ಹಟದಿಂದ. 29ನೆಯ ವಯಸ್ಸಿಗೇ ತೀರಿಕೊಂಡ ಝಾನ್ ವಿಗೊ ಅವರ ಚಿತ್ರಗಳ ಕಥೆಯೂ ಇಂಥದೇ: ಶಾಲಾ ಹುಡುಗರ ದಂಗೆಯನ್ನು ಕುರಿತ ಅವರ 1933ರ ಚಿತ್ರ ಎರಡನೆಯ ಮಹಾಯುದ್ಧ ಮುಗಿಯುವವರೆಗೂ ನಿಷೇಧದಲ್ಲಿತ್ತು.

ನೋಡುವುದರಿಂದ ಬರೆಯುವುದಕ್ಕೆ ದಾರಿ ತೋರಿಸಿದವರು ಆಂದ್ರೆ ಬಾಜಿನ್. ಕಾರ್ಖಾನೆಗಳಲ್ಲಿ, ಕಾರ್ಮಿಕ ಸಂಘಗಳಲ್ಲಿ, ಶಾಲೆಗಳಲ್ಲಿ ಚಿತ್ರ ತೋರಿಸಿ ಚರ್ಚೆ ನಡೆಸುತ್ತ ತಿರುಗಾಡಿದ ಬಾಜಿನ್ 1951ರ ಏಪ್ರಿಲ್‌ನಲ್ಲಿ ಇಬ್ಬರು ಸಂಗಡಿಗರೊಂದಿಗೆ ‘ಕಾಯೇ ದು ಸಿನೆಮಾ’ ಪತ್ರಿಕೆ ಆರಂಭಿಸಿದರು. ತ್ರುಫೊ ಹದಿನಾರರ ಹರೆಯದಲ್ಲಿ ಸಿನಿಕ್ಲಬ್ಬು ನಡೆಸಿ ಸಾಲ ಮಾಡಿ ಬಾಲಾಪರಾಧಿಗಳ ಕೇಂದ್ರ ಸೇರಿದಾಗ ಅವರನ್ನು ಬಿಡಿಸಿ ತಂದವರೂ, ಸೈನ್ಯದಿಂದ ಓಡಿಹೋಗಿ ಸಿಕ್ಕಿಬಿದ್ದಾಗ ನೆರವಾದವರೂ ಇದೇ ಬಾಜಿನ್. ಆ ಹುಡುಗ 1954ರ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ಬರೆದ ಲೇಖನ, ಹೆಸರಾಂತ ಕಾದಂಬರಿಗಳನ್ನು ಅಚ್ಚುಕಟ್ಟಾಗಿ ತೆರೆಗೆ ತರುತ್ತಿದ್ದ ಅಂದಿನ ಫ್ರೆಂಚ್ ಚಿತ್ರೋದ್ಯಮವನ್ನು ನೇರವಾಗಿ ಎದುರಿಸಿತು. ಚಿತ್ರದ ನಿಜವಾದ ಕರ್ತೃ ಅದನ್ನು ದೃಶ್ಯಗಳಲ್ಲಿ ಬರೆಯುವ ನಿರ್ದೇಶಕ ಎಂಬ ವಾದ ಬೆಳೆದದ್ದು ಅಲ್ಲಿಂದ. ತ್ರುಫೊ ಎಷ್ಟು ನಿಷ್ಠುರವಾಗಿ ಬರೆದರೆಂದರೆ 1958ರ ಕಾನ್ ಚಿತ್ರೋತ್ಸವ ಅವರಿಗೆ ಪ್ರವೇಶಪತ್ರ ಕೊಡಲಿಲ್ಲ. ಮರುವರ್ಷ ಅದೇ ಉತ್ಸವ ‘ದಿ 400 ಬ್ಲೋಸ್’ ಚಿತ್ರಕ್ಕಾಗಿ ಅವರಿಗೆ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಕೊಟ್ಟಿತು. ಆ ಚಿತ್ರ ಬಾಜಿನ್ ಅವರಿಗೆ ಅರ್ಪಿತ. ಚಿತ್ರೀಕರಣ ಶುರುವಾದ ಹೊತ್ತಿಗೇ, 1958ರ ನವೆಂಬರ್‌ನಲ್ಲಿ, ಬಾಜಿನ್ 40ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.

1960ರಲ್ಲಿ ಗೊದಾರ್ ಅವರ ‘ಬ್ರೆತ್‌ಲೆಸ್’ ಬಂತು. ಛಾಯಾಗ್ರಾಹಕ ರವೂಲ್ ಕುತಾರ್ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು, ಟ್ರಾಲಿಯ ಬದಲು ಗಾಲಿಕುರ್ಚಿಯಲ್ಲಿ ಕೂತು, ಪ್ಯಾರಿಸ್ಸಿನ ಬೀದಿಗಳಲ್ಲಿ ಇರುವ ಬೆಳಕಿನಲ್ಲೇ ಚಿತ್ರೀಕರಿಸಿದರು. ಸಂಕಲನದಲ್ಲಿ ದೃಶ್ಯದ ನಡುವಿನಿಂದಲೇ ತುಣುಕುಗಳನ್ನು ತೆಗೆದು ಕಾಲ ಎಗರಿ ಎಗರಿ ಸಾಗುವಂತೆ ಮಾಡಿದರು. ಇಂದು ಟಿವಿ ಜಾಹೀರಾತಿನಲ್ಲೂ ಮೊಬೈಲಿನ ಪುಟ್ಟ ವಿಡಿಯೊಗಳಲ್ಲೂ ಈ ಎಗರುವ ಸಂಕಲನ ಎಷ್ಟು ಸಹಜವಾಗಿದೆಯೆಂದರೆ ಅದು ಯಾರ ಕೊಡುಗೆಯೆಂದು ಕೇಳಬೇಕೆಂದೂ ನಮಗೆ ತೋಚುವುದಿಲ್ಲ. ನಿರ್ದೇಶಕನೇ ಕರ್ತೃ ಎಂಬ ವಾದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಅದು ಚಿತ್ರಕಥೆ ಬರೆದವರನ್ನು, ಛಾಯಾಗ್ರಾಹಕರನ್ನು, ಸಂಕಲನಕಾರರನ್ನು ಹಿಂದಕ್ಕೆ ತಳ್ಳಿತು. ಪತ್ರಿಕೆಯ ಗುಂಪಿಗೆ ಸೇರದ ಆನ್ಯೆಸ್ ವಾರ್ದಾ 1954ರಲ್ಲೇ, ಸೆತ್ ಎಂಬ ಮೀನುಗಾರರ ಊರಿನಲ್ಲಿ, ಪುಡಿಗಾಸಿನಲ್ಲಿ, ಸ್ಥಳೀಯರನ್ನೇ ಜತೆಗೂಡಿಸಿಕೊಂಡು ಕಥಾಚಿತ್ರ ಮಾಡಿದ್ದರು. ಹೊಸ ಅಲೆಯ ಗುಣಗಳೆಲ್ಲ ಅದರಲ್ಲಿದ್ದವು. ಆದರೂ ಅವರ ಹೆಸರು ಮೊದಲ ಸಾಲಿಗೆ ಬರಲು ದಶಕಗಳು ಬೇಕಾದವು. ಕೊಯ್ಲಾದ ಹೊಲದಲ್ಲಿ ಉಳಿದ ಗೆಡ್ಡೆ ಆಯುವವರನ್ನು, ಸಂತೆ ಮುಗಿದ ಮೇಲೆ ಬಿದ್ದ ತರಕಾರಿ ಹೆಕ್ಕುವವರನ್ನು ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಹಿಂಬಾಲಿಸಿದ ಅವರ 2000ದ ಸಾಕ್ಷ್ಯಚಿತ್ರ, 70 ದಾಟಿದ ಮೇಲೂ ಹೊಸದಾಗಿ ನೋಡುವುದು ಹೇಗೆಂಬುದನ್ನು ಕಲಿಸುತ್ತದೆ.

ಯಾವ ಗುಂಪಿಗೂ ಸೇರದ ಇನ್ನೊಬ್ಬರು ರಾಬರ್ ಬ್ರೆಸ್ಸಾನ್. 1943ರಲ್ಲಿ ಲಿಯಾನ್‌ನ ಸೆರೆಮನೆಯಿಂದ ತಪ್ಪಿಸಿಕೊಂಡ, ಜರ್ಮನ್ ಆಕ್ರಮಣವನ್ನು ವಿರೋಧಿಸುತ್ತಿದ್ದ ಹೋರಾಟಗಾರನೊಬ್ಬನ ನಿಜಕಥೆಯನ್ನು ಆಧರಿಸಿದ ಅವರ ‘ಎ ಮ್ಯಾನ್ ಎಸ್ಕೇಪ್ಡ್’ (1956) ನಾನು ಮತ್ತೆ ಮತ್ತೆ ಮರಳುವ ಚಿತ್ರ. ಚಮಚವನ್ನು ಚೂಪು ಮಾಡಿ ಬಾಗಿಲಿನ ಹಲಗೆಯನ್ನು ಕೆರೆಯುವ ಕೈ, ಹೊರಗೆ ಹಾದುಹೋಗುವ ರೈಲಿನ ಸದ್ದು, ಕಾವಲುಗಾರ ಮೆಟ್ಟಿಲ ಕಂಬಿಗೆ ಕೀಲಿಕೈ ತಾಕಿಸುತ್ತ ನಡೆಯುವ ಸದ್ದು. ಇಷ್ಟರಿಂದಲೇ ಉಸಿರು ಬಿಗಿಹಿಡಿಸುತ್ತಾರೆ. ಅಭಿನಯದಿಂದ ಭಾವವನ್ನು ಹೊರಹಾಕಬೇಡಿರೆಂದು ಅವರು ನಟರಲ್ಲದವರಿಗೆ ಹೇಳಿಕೊಟ್ಟು, ನೋಡುವವರ ಮನಸ್ಸಿಗೇ ಆ ಕೆಲಸ ಬಿಡುತ್ತಿದ್ದರು. ಪುಣೆಯ ಚಲನಚಿತ್ರ ಶಾಲೆಯಿಂದ ಹೊರಬಂದ ಮಣಿ ಕೌಲ್ ಅವರ ಮೊದಲ ಚಿತ್ರ ‘ಉಸ್ಕಿ ರೋಟಿ’ಯಲ್ಲಿ ಈ ಗುರುವಿನ ನೆರಳು ಸ್ಪಷ್ಟವಾಗಿದೆ, ಕುಮಾರ್ ಶಹಾನಿಯವರಂತೂ ಪ್ಯಾರಿಸ್ಸಿಗೆ ಹೋಗಿ 1960ರ ದಶಕದ ಕೊನೆಯಲ್ಲಿ ಬ್ರೆಸ್ಸಾನ್ ಅವರ ಚಿತ್ರವೊಂದಕ್ಕೆ ಸಹಾಯಕರಾಗಿ ದುಡಿದರು.

ಪ್ರೀತಿಯಿಂದ ಮಾತ್ರ ಒಂದು ಚಿತ್ರರಂಗ ಬದುಕಲಾರದು. ಯುದ್ಧದ ಸಾಲದಲ್ಲಿದ್ದ ಫ್ರಾನ್ಸ್ 1946ರಲ್ಲಿ ಅಮೆರಿಕದೊಂದಿಗೆ ಮಾಡಿಕೊಂಡ ಒಪ್ಪಂದ, ಪ್ರತಿ ಮೂರು ತಿಂಗಳಲ್ಲಿ ನಾಲ್ಕು ವಾರ ಮಾತ್ರ ಫ್ರೆಂಚ್ ಚಿತ್ರಗಳಿಗೆ ಮೀಸಲಿಟ್ಟು ಉಳಿದ ವಾರಗಳನ್ನು ಹಾಲಿವುಡ್ಡಿಗೆ ತೆರೆದಿಟ್ಟಿತು. ಕಲಾವಿದರು, ತಂತ್ರಜ್ಞರು, ಪ್ರೇಕ್ಷಕರು ಬೀದಿಗಿಳಿದು ಪ್ರತಿಭಟಿಸಿದರು. ಮೀಸಲು ನಾಲ್ಕರಿಂದ ಐದು ವಾರಕ್ಕೇರಿತು. 1946ರ ಅಕ್ಟೋಬರ್‌ನಲ್ಲಿ ಸಿಎನ್‌ಸಿ ಎಂಬ ರಾಷ್ಟ್ರೀಯ ಸಿನಿಮಾ ಕೇಂದ್ರ ಕಾನೂನಿನ ಮೂಲಕ ಸ್ಥಾಪನೆಯಾಯಿತು. 1948ರಿಂದ ಟಿಕೆಟ್ಟಿನ ಮೇಲೆ ವಿಶೇಷ ತೆರಿಗೆ ಜಾರಿಗೆ ಬಂತು. ಈಗ ಆ ತೆರಿಗೆ ಟಿಕೆಟ್ ಬೆಲೆಯ ಶೇ. 10.72. ಪ್ಯಾರಿಸ್ಸಿನಲ್ಲಿ ಯಾರೋ ಹಾಲಿವುಡ್ಡಿನ ಸೂಪರ್‌ಹೀರೊ ಚಿತ್ರಕ್ಕೆ ಹೋದರೂ ಅವರ ಹಣದ ಒಂದು ಪಾಲು ಮುಂದಿನ ಫ್ರೆಂಚ್ ಚಿತ್ರಕ್ಕೆ ಸಲ್ಲುತ್ತದೆ. 1959ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೊ ಅವರ ಕಾಲದಲ್ಲಿ ಬಂದ ಇನ್ನೊಂದು ಏರ್ಪಾಡಿನ ಪ್ರಕಾರ, ಸಮಿತಿಯೊಂದು ಚಿತ್ರಕಥೆಯನ್ನು ಓದಿ ಮೆಚ್ಚಿದರೆ, ಮುಂದೆ ಬರುವ ಗಳಿಕೆಯಿಂದ ತೀರಿಸಬೇಕೆಂಬ ಕರಾರಿನ ಮೇಲೆ ಮುಂಗಡ ಹಣ ಕೊಡುತ್ತದೆ, ಗಳಿಕೆಯಾಗದಿದ್ದರೆ ತೀರಿಸಬೇಕಾಗಿಲ್ಲ. ಸರ್ಕಾರದ ಖಜಾನೆಗೆ ಕೈಚಾಚದೆ, ನೋಡುವವರ ಹಣದಿಂದಲೇ ಹೊಸ ಚಿತ್ರಗಳನ್ನು ಪೋಷಿಸುವ ಈ ವ್ಯವಸ್ಥೆಯನ್ನು ನಾನು ಫ್ರಾನ್ಸಿನ ಯಾವುದೇ ಮಹಾಚಿತ್ರದಷ್ಟೇ ಗೌರವದಿಂದ ಕಾಣುತ್ತೇನೆ. ಜಾಗತಿಕ ವ್ಯಾಪಾರವನ್ನು ಕುರಿತ 1993ರ ಗ್ಯಾಟ್ ಒಪ್ಪಂದದ ಮಾತುಕತೆಗಳಲ್ಲಿ ಸಿನಿಮಾವನ್ನು ಮಿಕ್ಕ ಸರಕುಗಳಂತೆ ಮುಕ್ತ ವ್ಯಾಪಾರಕ್ಕೆ ಬಿಡಬಾರದೆಂದು ಫ್ರಾನ್ಸ್ ಪಟ್ಟುಹಿಡಿದದ್ದು ಇದನ್ನು ಉಳಿಸಿಕೊಳ್ಳುವುದಕ್ಕೇ. 1989ರಿಂದ ಅಲ್ಲಿನ ಪ್ರೌಢಶಾಲೆಗಳ ಮಕ್ಕಳನ್ನು ಶಾಲೆಯ ಸಮಯದಲ್ಲೇ ಚಿತ್ರಮಂದಿರಕ್ಕೆ ಕರೆದೊಯ್ದು, ನೋಡಿದ ಚಿತ್ರದ ಮೇಲೆ ತರಗತಿಯಲ್ಲಿ ಪಾಠ ಮಾಡುವ ಕಾರ್ಯಕ್ರಮವೂ ನಡೆದುಕೊಂಡು ಬಂದಿದೆ.

ಆದರೆ ಅದೇ ಸರ್ಕಾರದ ಕೈ ಬೇರೆಡೆ ಬಾಯಿಮುಚ್ಚಿಸಿದ್ದೂ ಉಂಟು. 1934ರ ಆಜ್ಞೆಯೊಂದರಿಂದಾಗಿ ಫ್ರೆಂಚ್ ವಸಾಹತುಗಳ ಆಫ್ರಿಕನ್ನರು ತಮ್ಮ ನೆಲದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಚಿತ್ರ ತೆಗೆಯುವಂತಿರಲಿಲ್ಲ. ಆಫ್ರಿಕದ ನಿರ್ದೇಶಕ ಪೊಲಾಂ ವಿಯೆರಾ ಮತ್ತು ಗೆಳೆಯರು 1955ರಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲೇ ಚಿತ್ರೀಕರಿಸಬೇಕಾಯಿತು. ನಾಜಿ ಶಿಬಿರಗಳನ್ನು ಕುರಿತ ಅಲೇನ್ ರೆನೆ ಅವರ ‘ನೈಟ್ ಅಂಡ್ ಫಾಗ್’ ಸಾಕ್ಷ್ಯಚಿತ್ರದ ಒಂದು ಸ್ಥಿರಚಿತ್ರದಲ್ಲಿ ಯಹೂದಿಗಳನ್ನು ಕೂಡಿಟ್ಟ ಶಿಬಿರಕ್ಕೆ ಫ್ರೆಂಚ್ ಪೊಲೀಸನೇ ಕಾವಲು ನಿಂತದ್ದು ಕಾಣುತ್ತಿತ್ತು. ಅವನ ಟೋಪಿಯನ್ನು ಮರೆಮಾಡಿದ ಮೇಲೆಯೇ ಸೆನ್ಸಾರ್ ಒಪ್ಪಿದ್ದು. ಸರ್ಕಾರವೇ ಹಣ ಕೊಡುತ್ತಿದ್ದ ಸಿನೆಮಾತೆಕ್ ಮೇಲೂ ಆ ಕೈ ಎರಗಿತು. 1968ರ ಫೆಬ್ರವರಿಯಲ್ಲಿ ಲಾಂಗ್ಲ್ವಾ ಅವರನ್ನು ಹುದ್ದೆಯಿಂದ ಕಿತ್ತುಹಾಕಿದಾಗ, ಸಿನೆಮಾತೆಕ್‌ನ ಪ್ರದರ್ಶನ ಮಂದಿರವಿದ್ದ ಶಾಯೋ ಅರಮನೆಯ ಮುಂದೆ ಸೇರಿದ ಜನರ ಮೇಲೆ ಪೊಲೀಸರು ಲಾಠಿ ಬೀಸಿದರು; ಗೊದಾರ್, ತ್ರುಫೊ ಪೆಟ್ಟು ತಿಂದರು. ಚಾಪ್ಲಿನ್, ಕುರೊಸಾವಾ ಮೊದಲಾದ ಲೋಕದ ಹಿರಿಯ ನಿರ್ದೇಶಕರು ಲಾಂಗ್ಲ್ವಾ ಇಲ್ಲದ ಭಂಡಾರದಲ್ಲಿ ತಮ್ಮ ಚಿತ್ರಗಳನ್ನು ತೋರಿಸಬಾರದೆಂದು ತಂತಿ ಕಳಿಸಿದರು. ಏಪ್ರಿಲ್‌ನಲ್ಲಿ ಲಾಂಗ್ಲ್ವಾ ಮತ್ತೆ ಹುದ್ದೆಗೆ ಬಂದರು. ಆ ವರ್ಷದ ಮೇ ತಿಂಗಳ ದಂಗೆಗೆ ಇದೇ ಪೂರ್ವರಂಗವಾಗಿತ್ತೆಂದು ಅನೇಕರು ಬರೆದಿದ್ದಾರೆ. ಒಬ್ಬ ಚಿತ್ರಸಂಗ್ರಾಹಕನ ನೌಕರಿಗಾಗಿ ಬೀದಿಗಿಳಿಯುವಷ್ಟು ಕಾಳಜಿಯುಳ್ಳ ಪ್ರೇಕ್ಷಕರನ್ನು ನಾನು ಇನ್ನಾವ ದೇಶದ ಚರಿತ್ರೆಯಲ್ಲೂ ಕಂಡಿಲ್ಲ.

ನಮ್ಮ ದೇಶಕ್ಕೆ ಈ ಗಾಳಿ ಬೀಸಿದ್ದು ಕೊಲ್ಕತ್ತದ ಕಡೆಯಿಂದ. 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದರು. ಎರಡು ವರ್ಷಗಳ ನಂತರ ರೆನ್ವಾರ್ ‘ದಿ ರಿವರ್’ ಚಿತ್ರಕ್ಕಾಗಿ ಅಲ್ಲಿಗೆ ಬಂದಾಗ, ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿದ್ದ ರಾಯ್ ಅವರೊಂದಿಗೆ ಚಿತ್ರೀಕರಣದ ಜಾಗಗಳನ್ನು ಹುಡುಕುತ್ತ ಸುತ್ತಾಡಿದರು. ಬನ್ಸಿ ಚಂದ್ರಗುಪ್ತ ಆ ಚಿತ್ರದ ಕಲಾವಿಭಾಗದಲ್ಲಿ ದುಡಿದರು. ತರುಣ ಸುಬ್ರತೊ ಮಿತ್ರ ಚಿತ್ರೀಕರಣವನ್ನು ದಿನದಿನವೂ ನೋಡಿ ಬೆಳಕಿನ ಟಿಪ್ಪಣಿ ಬರೆದುಕೊಂಡರು. 1955ರ ‘ಪಥೇರ್ ಪಾಂಚಾಲಿ’ಯ ನಿರ್ದೇಶನ, ಕಲೆ, ಛಾಯಾಗ್ರಹಣ ಮೂರರ ಹೊಣೆಯೂ ಈ ಮೂವರದು. ಮರುವರ್ಷ ಕಾನ್ ಉತ್ಸವ ಆ ಚಿತ್ರವನ್ನು ಗೌರವಿಸಿತು.

ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದಾಗ ಅದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಫಾಲ್ಕೆಯವರ ಚಿತ್ರಗಳ ಅಳಿದುಳಿದ ರೀಲುಗಳನ್ನು ನಾಸಿಕ್‌ನ ಅವರ ಮನೆಯವರಿಂದ ಪಡೆದು ಉಳಿಸಿದವರು ಅವರು. ಲಾಂಗ್ಲ್ವಾ ಅವರಂತೆ ನಾಯರ್ ಅವರೂ ಕಾಪಾಡಿದ್ದನ್ನು ತೋರಿಸಲೇಬೇಕೆಂದು ನಂಬಿದ್ದರು. ವಿದ್ಯಾರ್ಥಿಗಳು ಕೇಳಿದ ಚಿತ್ರಗಳನ್ನು ಹೊತ್ತಲ್ಲದ ಹೊತ್ತಿನಲ್ಲೂ ತೋರಿಸುತ್ತಿದ್ದರೆಂದು ಅವರ ಶಿಷ್ಯರು ನೆನೆಯುತ್ತಾರೆ. ಆ ಭಂಡಾರದ ರೀಲುಗಳು ಕರ್ನಾಟಕಕ್ಕೂ ಪ್ರಯಾಣ ಮಾಡಿದವು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಆರಂಭಿಸಿದ ನೀನಾಸಂ ಚಿತ್ರಸಮಾಜಕ್ಕೆ ಲೋಕದ ದೊಡ್ಡ ಚಿತ್ರಗಳು ಪುಣೆಯಿಂದ ಬಂದವು; ಪುಣೆಯ ಚಲನಚಿತ್ರ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಸತೀಶ್ ಬಹಾದೂರ್, ನಾಯರ್ ಅಂಥವರು ಅಲ್ಲಿಗೇ ಬಂದು ರಸಗ್ರಹಣ ಶಿಬಿರಗಳನ್ನು ನಡೆಸಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದ ರೈತರು, ಶಾಲೆಯ ಮೇಷ್ಟ್ರುಗಳು, ಗೃಹಿಣಿಯರು ಭಾಷೆ ತಿಳಿಯದ ಚಿತ್ರಗಳನ್ನು ನೋಡಿ ಮರುದಿನ ಅವುಗಳ ಮೇಲೆ ಕನ್ನಡದಲ್ಲಿ ವಾದ ಮಾಡಿದರು. ಬೆಂಗಳೂರಿನಲ್ಲಿ 1971ರಲ್ಲೇ ಹುಟ್ಟಿದ್ದ ಸುಚಿತ್ರಾ ಫಿಲ್ಮ್ ಸೊಸೈಟಿ ನಗರದ ಜನರಿಗೆ ಇದೇ ಕೆಲಸ ಮಾಡುತ್ತಿತ್ತು. ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳು ಬಂದ ದಶಕವೂ ಅದೇ ಆಗಿತ್ತು. ಆ ಚಿತ್ರಗಳನ್ನು ಅರ್ಥಮಾಡಿಕೊಂಡು ಮಾತಾಡಬಲ್ಲ ಪ್ರೇಕ್ಷಕರು ಜತೆಜತೆಗೇ ತಯಾರಾಗದೆ ಹೋಗಿದ್ದರೆ ಆ ಅಲೆ ಅಷ್ಟು ಕಾಲ ಉಳಿಯುತ್ತಿರಲಿಲ್ಲ.

ಫ್ರಾನ್ಸಿನೊಂದಿಗಿನ ನಂಟು ಈಗಲೂ ಮುಂದುವರಿದಿದೆ. 2024ರಲ್ಲಿ ಕಾನ್ ಉತ್ಸವದ ಗ್ರಾಂ ಪ್ರಿ ಗೆದ್ದ ಪಾಯಲ್ ಕಪಾಡಿಯಾ ಅವರ ಚಿತ್ರಕ್ಕೆ ಫ್ರಾನ್ಸಿನ ನಿರ್ಮಾಣ ಸಂಸ್ಥೆ ಬಂಡವಾಳದಲ್ಲಿ ಕೈಜೋಡಿಸಿತ್ತು. ಅದೇ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಪುಣೆಯ ಶಾಲೆಯ ಚಿದಾನಂದ ನಾಯ್ಕ್ ಅವರು ಕನ್ನಡದ ಜಾನಪದ ಕಥೆಯೊಂದನ್ನು ಆಧರಿಸಿ ಕನ್ನಡದಲ್ಲೇ ಮಾಡಿದ ಕಿರುಚಿತ್ರ. ಈ ಗೆಲುವುಗಳು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದವು, ಬರಬೇಕಾದದ್ದೇ. ಆದರೆ ನನ್ನ ಮನಸ್ಸು ಅದೇ ವರ್ಷದ ಇನ್ನೊಂದು ಸುದ್ದಿಯಲ್ಲಿ ಹೆಚ್ಚು ನೆಟ್ಟಿತ್ತು. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಹೊಸದಾಗಿ ಜೀರ್ಣೋದ್ಧಾರಗೊಂಡು ವೆನಿಸ್ ಉತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಅದಕ್ಕೆ ಆಧಾರವಾದ ಮೂಲ ನೆಗೆಟಿವ್ ಪುಣೆಯ ಭಂಡಾರದಲ್ಲಿ ಉಳಿದಿತ್ತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ನಮಗೆ ಸಿಕ್ಕಿಲ್ಲ. ಕನ್ನಡ ಚಿತ್ರಗಳನ್ನು ಮಾಡುವುದಕ್ಕೆ ಸಹಾಯಧನ ಕೊಡುತ್ತ ಬಂದಿರುವ ನಮ್ಮ ರಾಜ್ಯ, ಮಾಡಿದ ಚಿತ್ರಗಳನ್ನು ಕಾಪಾಡುವುದಕ್ಕೂ ತಾಲ್ಲೂಕು ಊರುಗಳಲ್ಲಿ ತೆರೆಯ ಮೇಲೆ ತೋರಿಸುವುದಕ್ಕೂ ಅದರಲ್ಲಿ ಒಂದು ಪಾಲನ್ನು ತೆಗೆದಿಡಬೇಕೆಂದು ನಾನು ಬಲವಾಗಿ ಬಯಸುತ್ತೇನೆ. ಆ ಕೆಲಸ ‘ಘಟಶ್ರಾದ್ಧ’ದ ಹೊಸ ಪ್ರತಿಯಿಂದಲೇ ಶುರುವಾಗಬಹುದು.